ನಾಯಿಯ ತಿಂಡಿ

ನಾಯಿ ಸೆನ್ಸಿಟಿವ್ ಎಂದು ಪಶುವೈದ್ಯರು ಹೇಳಿದಾಗ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಸೆನ್ಸಿಟಿವ್ ಅಲ್ಲದವಳು ಅಷ್ಟರವರೆಗೆ ನಾನೊಬ್ಬಳೇ ಆಗಿದ್ದೆ. ನನ್ನ ಗಂಡನಿಗೆ ಧೂಳು ಆಗುವುದಿಲ್ಲ. ಹಾಗೆಂದು ಹೇಳುತ್ತಲೇ ಕುವೈತಿನಲ್ಲಿ ಅರ್ಧ ಆಯುಷ್ಯ ಕಳೆದಿದ್ದಾನೆ. ಮಗಳಿಗೆ ಗೆಳತಿಯರ ಎದುರು ನಾನು ಬಾಯಿ ಬಿಟ್ಟರೆ ಆಗುವುದಿಲ್ಲ. ಹುಬ್ಬಳ್ಳಿಯಿಂದ ಬಂದು ನಮ್ಮೊಡನೆಯೇ ಉಳಿದಿದ್ದ ನನ್ನ ಅತ್ತೆಗೆ ಏಸಿ ಆಗುವುದಿಲ್ಲ, ಲಿಫ್ಟ್ ಆಗುವುದಿಲ್ಲ, ನಾನು ಮಾಡಿದ ಝುಣಕ ಆಗುವುದಿಲ್ಲ. ಇಂಥ ಮನೆಗೆ ನಾಯಿಯೂ ಹೊಂದುವಂಥದ್ದೇ ಬಂದಿತ್ತು.

ನಾಯಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಹೊಟ್ಟೆ, ಕಂಕುಳು, ಬಾಲದ ಬುಡದ ವಿಷಯಗಳನ್ನೆಲ್ಲ ಊರಿಗೆ ಸಾರಲಿದ್ದೇನೆ, ಹೆಸರಾದರೂ ಉಳಿದುಕೊಳ್ಳಲಿ. ಮರಳಿನ ಬಣ್ಣ, ಉದ್ದ ಕಾಲು, ಸಣ್ಣ ಸೊಂಟ, ನೋಡಿದರೆ ದೊಡ್ಡ ಮನೆತನದ್ದು ಎನ್ನಬೇಕು. ಆದರೆ ಅದು ಸಿಕ್ಕಿದ್ದು ಮರುಭೂಮಿಯ ರಸ್ತೆ ಬದಿಯಲ್ಲಿ. ಊರಾಚೆಯ ತೋಟವೊಂದರಲ್ಲಿ ಬೀದಿನಾಯಿಗಳನ್ನು ಸಾಕುತ್ತಿದ್ದ ಕುವೈತಿ ಹೆಂಗಸೊಬ್ಬಳು ಅದನ್ನು ಎತ್ತಿ ತಂದಿದ್ದಳು. ಮಗಳ ಅಳುವಿಗೆ ಸೋತು ನಾವು ಅಲ್ಲಿಗೆ ಹೋದಾಗ ಆಕೆ ಮುಚ್ಚುಮರೆ ಮಾಡಲಿಲ್ಲ. ಎರಡು ಮನೆಯವರು ಇದನ್ನು ಒಯ್ದು ವಾಪಸ್ಸು ತಂದು ಬಿಟ್ಟಿದ್ದಾರೆ, ಇದರ ತುರಿಕೆ ಯಾರಿಗೂ ತಡೆದುಕೊಳ್ಳಲು ಆಗಿಲ್ಲ ಎಂದಳು. ನೀವು ಇಟ್ಟುಕೊಂಡು ನೋಡಿ, ಎರಡು ತಿಂಗಳು ಬಿಟ್ಟು ನಾನೇ ಬಂದು ಮೈ ನೋಡುತ್ತೇನೆ. ವಾಸಿಯಾಗುತ್ತಿದ್ದರೆ ನಿಮ್ಮದು, ಇಲ್ಲದಿದ್ದರೆ ಇಲ್ಲಿಗೇ ತರುತ್ತೇನೆ, ಮತ್ತೆ ಯಾರಿಗೂ ಕೊಡುವುದಿಲ್ಲ ಎಂದಳು.

ಹಾಗೆ ನಾಯಿ ಫಿಂಟಾಸ್‌ನ ನಮ್ಮ ಫ್ಲ್ಯಾಟಿಗೆ ಬಂತು. ಬಂದ ದಿನವೇ ಕುಳಿತು ಕೆರೆದುಕೊಂಡಿತು, ಎದ್ದು ಕೆರೆದುಕೊಂಡಿತು, ನಡೆಯುತ್ತ ನಡೆಯುತ್ತಲೇ ನಿಂತು ಸೋಫಾಕ್ಕೆ ಮೈ ತಿಕ್ಕಿತು. ಹೊಟ್ಟೆಯ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಅತ್ತೆ ದೂರದಿಂದಲೇ ನೋಡಿದರು.

"ಎಷ್ಟ ತಿಂಡಿ ಐತಿ ನೋಡ ಪಾಪ ಇದಕ್ಕ. ಮೈಯೆಲ್ಲಾ ಹರಕೊಳ್ಳಾಕತ್ತೈತಿ" ಎಂದರು.

ತಿಂಡಿ ಎಂದರೆ ನಮ್ಮ ಕಡೆ ತುರಿಕೆ. ಬೆಳಗಿನ ಉಪ್ಪಿಟ್ಟಿಗೆ ನಾವು ನಾಷ್ಟಾ ಎನ್ನುತ್ತೇವೆ. ಮದುವೆಯಾದ ಹೊಸತರಲ್ಲಿ ಮೈಸೂರಿನ ಗೆಳತಿಯೊಬ್ಬಳು ಫೋನಿನಲ್ಲಿ ನಿನ್ನ ಗಂಡನಿಗೆ ತಿಂಡಿ ಆಯಿತೇ ಎಂದು ಕೇಳಿದ್ದಳು, ನಾನು ಅವಳ ಜೊತೆ ಒಂದು ವಾರ ಮಾತು ಬಿಟ್ಟಿದ್ದೆ.

ಪಶುವೈದ್ಯರು ಈಜಿಪ್ಟಿನವರು. ನಾಯಿಯ ಕಿವಿ ಮಗುಚಿ, ಹೊಟ್ಟೆ ಸವರಿ, ಇದು ತಿನ್ನುವುದರಿಂದ ಬಂದ ಅಲರ್ಜಿ ಎಂದರು. ಹೆಚ್ಚಾಗಿ ಕೋಳಿ, ದನದ ಮಾಂಸ ಅಥವಾ ಹಾಲು. ಯಾವುದು ಎಂದು ತಿಳಿಯಬೇಕಾದರೆ ಅದು ಹಿಂದೆ ತಿಂದಿರಲಾರದ ಒಂದೇ ಮಾಂಸವಿರುವ ಒಳ್ಳೆಯ ಒಣ ಆಹಾರ ಆರಿಸಿ, ಎರಡು ತಿಂಗಳು ಅದೊಂದನ್ನೇ ಕೊಡಿ. ಬಿಸ್ಕೀಟು ಖಲಾಸ್, ಮೇಜಿನ ಮೇಲಿನದು ಖಲಾಸ್, ಪ್ರೀತಿಯಿಂದ ಒಂದು ಚೂರು ಎನ್ನುವುದು ಖಲಾಸ್ ಎಂದು ಪ್ರತಿ ಖಲಾಸಿಗೂ ಮೇಜು ಬಡಿದರು.

ನನ್ನ ಗಂಡ ಅಹ್ಮದಿಯ ತೈಲ ಕಂಪನಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಒತ್ತಡ, ಉಷ್ಣತೆ ಅಳೆಯುವ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ನಾಯಿಯ ಆಹಾರವನ್ನು ಅವನು ಯಂತ್ರದ ಬಿಡಿಭಾಗದ ಹಾಗೆಯೇ ಆರಿಸಲು ಹೊರಟ. ಅಂಗಡಿಯಲ್ಲಿ ಚೀಲಗಳು ನೆಲದಿಂದ ಸೂರಿನವರೆಗೆ ನಿಂತಿದ್ದವು. ಪ್ರತಿ ಚೀಲದ ಮೇಲೂ ನಮಗಿಂತ ಚೆನ್ನಾಗಿ ಉಂಡುಟ್ಟ ನಾಯಿಯ ಚಿತ್ರ. ಗಂಡ ಕನ್ನಡಕ ಹಣೆಗೇರಿಸಿ, ಚೀಲಗಳ ಹಿಂಬದಿಯ ಸಣ್ಣ ಅಕ್ಷರ ಓದುತ್ತ ನಿಂತ. ಮುಂಬದಿಯಲ್ಲಿ ದೊಡ್ಡದಾಗಿ ಕುರಿ ಎಂದು ಬರೆದು ಹಿಂಬದಿಯಲ್ಲಿ ಕೋಳಿಯ ಕೊಬ್ಬು ಸೇರಿಸಿದ ಚೀಲಗಳೇ ಹೆಚ್ಚು. ಅಂಥದೊಂದು ಸಿಕ್ಕಿದಾಗಲೆಲ್ಲ ಅವನಿಗೆ ಕಳ್ಳನನ್ನು ಹಿಡಿದ ಸಂತೋಷ.

ಅಂಗಡಿಯ ಮಲಯಾಳಿ ಹುಡುಗ ಮಾತ್ರ ಯಾವ ಚೀಲ ಮುಟ್ಟಿದರೂ "ಭಾಭಿ, ಯೇ ಸಬ್ ಸೇ ಬೆಸ್ಟ್ ಹೈ" ಎನ್ನುತ್ತಿದ್ದ. ನಾನು ಸುಮ್ಮನೆ ಅವನ ನೆಲ ಒರೆಸುವ ಬಕೀಟಿನ ಮೇಲೆ ಕೈಯಿಟ್ಟೆ. ಅವನು ತಲೆ ಎತ್ತದೆಯೇ ಅದಕ್ಕೂ ಬೆಸ್ಟ್ ಎಂದ.

ಅತ್ತೆ ಲಿಂಗಪೂಜೆಯಾಗದೆ ನೀರು ಮುಟ್ಟುವವರಲ್ಲ, ತತ್ತಿ ಹಾಕಿದ ಕೇಕನ್ನು ದೂರದಿಂದಲೇ ವಾಸನೆ ಹಿಡಿದು ಹೇಳುವವರು. ಅವರ ಮೇಲಿನ ಭಯಭಕ್ತಿಯಿಂದ ಗಂಡ ಮೊದಲು ಸಸ್ಯಾಹಾರಿ ಚೀಲವೊಂದನ್ನು ತಂದ. ಬಟಾಣಿ ಮತ್ತು ಬಟಾಟೆ, ಸೆನ್ಸಿಟಿವ್ ನಾಯಿಗಳಿಗೆಂದೇ ಮಾಡಿದ್ದು. ನಾಯಿ ಅದನ್ನು ಮೂಸಿ ನೋಡಿತು, ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿತು, ಆಮೇಲೆ ಪಕ್ಕದ ಕಾಲೊರಸನ್ನು ಮೂತಿಯಿಂದ ನೂಕಿ ಬಟ್ಟಲನ್ನು ಮುಚ್ಚಿಬಿಟ್ಟಿತು.

"ಶಾಣ್ಯಾ ಐತಿ" ಎಂದರು ಅತ್ತೆ. ನಾಯಿಯ ಬಗ್ಗೆ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು.

ಎರಡನೇ ಸಲ ಮಗಳು ಫೋನಿನಲ್ಲಿ ಹುಡುಕಿ ಹೊಸದೊಂದು ತೋರಿಸಿದಳು. ಕೋಳಿಯಿಲ್ಲ, ದನವಿಲ್ಲ, ಹಾಲಿಲ್ಲ, ಧಾನ್ಯವೂ ಇಲ್ಲ. ಅದರ ಮಾಂಸವೆಲ್ಲ ಸಾಕಿದ ಹುಳಗಳದ್ದು. ಅತ್ತೆಗೆ ನಾನು ಕನ್ನಡದಲ್ಲಿ ಹೇಳಿದೆ.

"ಜ್ವಾಳಾ ಇಲ್ಲ, ಗೋದಿ ಇಲ್ಲ, ಅಕ್ಕಿ ಇಲ್ಲ. ಏಕಾದಶಿ ಮಾಡತೈತೇನ ಇದು?" ಎಂದು ಅವರು ಕೇಳಿದರು. ಆಮೇಲೆ ಹುಳದ ಮಾತು ತಲೆಗೆ ಹೋಯಿತು. "ಹುಳಾ ಬಿದ್ದ ಹಿಟ್ಟ ನಾವು ಹೊರಗ ಚೆಲ್ಲತೇವಿ. ಇಲ್ಲಿ ಅದನ್ನ ಚೀಲಾ ಕಟ್ಟಿ ಮಾರತಾರ?"

"ಅಜ್ಜಿ, ಇಟ್ಸ್ ಸಸ್ಟೇನಬಲ್" ಎಂದಳು ಮಗಳು.

"ಏನಂತ?" ಎಂದು ಅತ್ತೆ ನನ್ನನ್ನು ಕೇಳಿದರು. ನನಗೂ ಅದಕ್ಕೆ ಹುಬ್ಬಳ್ಳಿಯ ಮಾತು ಹೊಳೆಯಲಿಲ್ಲ. ಹುಳ ಅಲ್ಲಿಗೇ ಬಿಟ್ಟುಹೋಯಿತು.

ಕೊನೆಗೆ ಮೀನು ಗೆದ್ದಿತು. ಕುವೈತಿನ ಬೀದಿನಾಯಿ ಕೋಳಿ ಕುರಿ ಅನ್ನದ ಎಂಜಲು ತಿಂದಿರುತ್ತದೆ, ಮರುಭೂಮಿಯಲ್ಲಿ ಸಾಲ್ಮನ್ ತಿಂದಿರುವ ಸಂಭವ ಕಡಿಮೆ ಎಂಬುದು ಗಂಡನ ವಾದ. ಸಾಲ್ಮನ್ ಮತ್ತು ಬಟಾಟೆ, ಮತ್ತೇನೂ ಇಲ್ಲ. ಅಂಗಡಿಯಲ್ಲಿದ್ದ ಚೀಲ ಬಿಸಿಲಿಗೆ ಕೂತು ಅದರ ಎಣ್ಣೆ ಹಳಸಿರಬಹುದೆಂದು ಶುಕ್ರವಾರದ ರಜೆ ಹಾಳು ಮಾಡಿಕೊಂಡು ಅರ್ದಿಯಾದ ಗೋದಾಮಿಗೇ ಹೋಗಿ, ಏಸಿಯಲ್ಲಿಟ್ಟ ಚೀಲವನ್ನು ಎದೆಗೆ ಅವಚಿಕೊಂಡು ತಂದ. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಅವಳನ್ನು ಅಷ್ಟು ಜೋಪಾನವಾಗಿ ತಂದಿರಲಿಲ್ಲ ಎಂದು ನಾನು ಹೇಳಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದ.

ಚೀಲ ಬಾಲ್ಕನಿಗೆ ಹೋಯಿತು. ಬಾಲ್ಕನಿಯ ಬಾಗಿಲು ತೆರೆದರೆ ಅತ್ತೆ ಸೆರಗು ಮೂಗಿಗೆ ಹಿಡಿಯುತ್ತಿದ್ದರು. "ತಿಂಡಿ ಇದ್ದ ಮೈಗೆ ಮೀನ ಹಾಕತಾರೇನವ್ವಾ, ನಂಜಾಗತೈತಿ" ಎಂದು ಗೊಣಗುತ್ತಿದ್ದರು. ಬಟ್ಟಲಿಗೆ ಹಾಕುವ ಕೆಲಸ ನನ್ನದು. ನಾನು ಇಲ್ಲದಿದ್ದರೆ ಮಗಳದು.

ಆದರೆ ನಾಯಿ ಮಾತ್ರ ಉಂಡು ಬಾಯಿ ನೆಕ್ಕಿಕೊಂಡು ನೇರ ಅತ್ತೆಯ ಹತ್ತಿರ ಹೋಗುತ್ತಿತ್ತು. ಅಡುಗೆಮನೆಯ ಹೊಸ್ತಿಲಿನ ಆಚೆ ಅದು, ಈಚೆ ಅವರು. ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಗಂಡ ಕಂಪನಿಯ ಬಸ್ಸು ಹತ್ತಿ ಹೋದರೆ ಸಂಜೆಗೇ ಬರುವುದು, ಬಂದರೂ ಮಾತಿಲ್ಲ. ನಾನು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಒಂದಿಡೀ ಹಗಲು ಹುಬ್ಬಳ್ಳಿಯ ಮಾತನ್ನು ಕಿವಿ ನಿಮಿರಿಸಿ ಕೇಳುವ ಪ್ರಾಣಿ ಅದೊಂದೇ ಇತ್ತು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಕಥೆ, ಗೌರಮ್ಮನ ಜಾತ್ರೆಯಲ್ಲಿ ಕಳೆದ ಬೆಂಡೋಲೆಯ ಕಥೆ, ನನ್ನ ಮೇಲಿನ ದೂರುಗಳು ಎಲ್ಲ ಅದಕ್ಕೆ ಗೊತ್ತಿದ್ದವು. ನಾನು ಒಳಗೆ ಬಂದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.

ಮೀನು ಶುರುವಾದ ಮೇಲೆ ಹೊಟ್ಟೆಯ ಕೆಂಪು ಇಳಿಯಿತು. ಬಾಲದ ಬುಡದಲ್ಲಿ ಹೊಸ ಕೂದಲು ಚಿಗುರಿತು. ಗಂಡ ಅದನ್ನು ತಾನೇ ನೆಟ್ಟಂತೆ ದಿನಾ ಬಗ್ಗಿ ನೋಡುತ್ತಿದ್ದ. ಹೀಗೆ ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಒಂದು ಬೆಳಿಗ್ಗೆ ನಾಯಿ ಮತ್ತೆ ಸೋಫಾಕ್ಕೆ ಮೈ ತಿಕ್ಕತೊಡಗಿತು. ನಾಲ್ಕು ದಿನಕ್ಕೆ ಹೊಟ್ಟೆ ಮೊದಲಿನ ಹಾಗೆಯೇ ಕೆಂಪಾಯಿತು.

ಗಂಡ ಪತ್ತೇದಾರಿಕೆಗೆ ಇಳಿದ. ಮಗಳ ಶಾಲೆಯ ಚೀಲ ಜಾಲಾಡಿದ. ನನ್ನ ಕೈ ಮೂಸಿದ. ಕೊನೆಗೆ ಅವನ ಕಣ್ಣು ಫ್ರಿಜ್ಜಿನೊಳಗಿನ ಮೊಸರಿನ ಡಬ್ಬಿಯ ಮೇಲೆ ಬಿತ್ತು. ಮೈಯಲ್ಲಿ ಉಷ್ಣ ಏರಿ ತಿಂಡಿ ಎದ್ದಿದೆ, ಒಂದು ತುತ್ತು ಮೊಸರನ್ನ ಹಾಕಿದರೆ ತಂಪಾಗುತ್ತದೆ ಎಂದು ಅತ್ತೆ ನಾಯಿ ಬಂದಾಗಿನಿಂದ ಹೇಳುತ್ತಲೇ ಇದ್ದರು.

"ಅವ್ವಾ, ಖರೇ ಹೇಳು. ಮೊಸರ ಹಾಕೀಯೇನು ನೀ?"

"ಇಲ್ಲ."

"ಒಂದ ತುತ್ತರ?"

"ಇಲ್ಲ ಅಂದ್ನೆಲ್ಲೋ."

"ಹಂಗಾರ ಡಬ್ಬಿ ಯಾಕ ಲಗೂನ ಖಾಲಿ ಆಗತೈತಿ?"

ಅತ್ತೆ ಮಗನನ್ನು ನೋಡಿದರು. ಎದ್ದು ಹೋಗಿ ಮೊಸರಿನ ಡಬ್ಬಿಯನ್ನು ತಂದು ಅವನ ಕೈಯಲ್ಲಿಟ್ಟರು. "ತಗೋ. ನಿನ್ನ ಕಪಾಟಿನಾಗ ಇಟ್ಟ ಕೀಲಿ ಹಾಕ್ಕೋ" ಎಂದರು. ಆವತ್ತಿನಿಂದ ಅವರು ಮೊಸರು ಬಿಟ್ಟರು. ಮೊಸರಿಲ್ಲದೆ ಊಟ ಮುಗಿಯದವರು ನೀರು ಕುಡಿದು ಕೈ ತೊಳೆದರು. ಗಂಡ ಡಬ್ಬಿ ಹಿಂದಕ್ಕೆ ಕೊಡಲಿಲ್ಲ. ತಾಯಿ ಮಗ ಇಬ್ಬರ ಹಟವೂ ಒಂದೇ ಅಚ್ಚಿನದು.

ನಾಯಿ ಕೆರೆದುಕೊಳ್ಳುತ್ತಲೇ ಇತ್ತು. ಕುವೈತಿ ಹೆಂಗಸು ಬರುವುದಾಗಿ ಫೋನ್ ಮಾಡಿದಳು. ಮಗಳು ಆವತ್ತು ಊಟ ಮಾಡಲಿಲ್ಲ. ನನಗೂ ಸಂಕಟವಾಯಿತು, ಯಾಕೆಂದರೆ ಇಷ್ಟರಲ್ಲಿ ನನಗೆ ಅದು ಬೇಕೇ ಬೇಕಾಗಿತ್ತು. ಅತ್ತೆ ಮಾತ್ರ ಗಾಬರಿಯಾಗಲಿಲ್ಲ. ಅವರ ಮುಖದಲ್ಲಿ ಏನೋ ಗುಟ್ಟಿನ ಸಮಾಧಾನವಿತ್ತು.

"ಬರಲಿ. ಅಷ್ಟೊತ್ತಿಗೆ ಗುಣಾ ಆಗತೈತಿ" ಎಂದು ಹೊಸ್ತಿಲಲ್ಲಿ ಕೂತು ಕೊತ್ತಂಬರಿ ಬಿಡಿಸುತ್ತಿದ್ದರು.

ಆಕೆ ಬಂದದ್ದು ಶನಿವಾರ ಮಧ್ಯಾಹ್ನ. ಸೋಫಾದ ಮೇಲೆ ಕೂಡಲಿಲ್ಲ, ನೇರ ನೆಲದ ಮೇಲೆ ಕೂತು ನಾಯಿಯನ್ನು ಮಗುಚಿ ಹೊಟ್ಟೆ ನೋಡಿದಳು. ಕಾಲ್ಬೆರಳುಗಳ ಸಂದಿ ನೋಡಿದಳು. ಗಂಡ ಬಾಲ್ಕನಿಯಿಂದ ಚೀಲ ತಂದು ತೋರಿಸಿ, ಅರ್ದಿಯಾ, ಏಸಿ, ಸಾಲ್ಮನ್ ಎಂದು ಇಂಗ್ಲಿಷಿನಲ್ಲಿ ತನ್ನ ಸಾಕ್ಷಿ ಹೇಳತೊಡಗಿದ. ಆಹಾರ ಒಳ್ಳೆಯದೇ ಆರಿಸಿದ್ದೀರಿ, ಆದರೆ ಇದು ಬೇರೆ ಏನನ್ನೋ ತಿನ್ನುತ್ತಿದೆ ಎಂದಳು ಆಕೆ. ಗಂಡ ತಾಯಿಯ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಎದುರು ಫ್ಲ್ಯಾಟಿನ ನರ್ಸು. ಮಂಗಳೂರಿನವಳು, ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ಡ್ಯೂಟಿಯ ಬಟ್ಟೆಯಲ್ಲೇ ಇದ್ದಳು. ಅವಳನ್ನು ಕಂಡದ್ದೇ ನಾಯಿ ಎದ್ದೋಡಿ ಹೋಗಿ ಅವಳೆದುರು ಕೂತು ಮುಂದಿನ ಬಲಗಾಲನ್ನು ಕೈಯಂತೆ ಎತ್ತಿತು. ನಮ್ಮೆದುರು ಅದು ಒಮ್ಮೆಯೂ ಕಾಲೆತ್ತಿರಲಿಲ್ಲ. ನರ್ಸು ಜೇಬಿನಿಂದ ಬೆಳ್ಳಿಕಾಗದದ ತ್ರಿಕೋನವೊಂದನ್ನು ತೆಗೆದಳು.

"ಇವತ್ತು ಇದರ ತಿಂಡಿ ಲೇಟಾಯ್ತು ಮಾರಾಯ್ರೆ. ಡ್ಯೂಟಿ ಈಗ ಮುಗೀತಷ್ಟೆ" ಎಂದಳು.

"ಏನ ಲೇಟಾತು?" ಎಂದ ಗಂಡ.

"ತಿಂಡಿ. ಅಮ್ಮ ಸಿಕ್ಕಿದಾಗೆಲ್ಲ ಹೇಳ್ತಾರಲ್ಲ, ಇದಕ್ಕೆ ಭಾರೀ ತಿಂಡಿ, ತಿಂಡಿಗೆ ಏನಾದ್ರೂ ಕೊಡಿ ಅಂತ. ನೀವು ಬರೀ ಆ ಒಣ ಕಾಳು ಹಾಕುದು ಅಲ್ವಾ, ಪಾಪ ಅದಕ್ಕೂ ಬೇಜಾರಾಗ್ತದೆ."

ಅತ್ತೆ ಹೆಮ್ಮೆಯಿಂದ ಮುಂದೆ ಬಂದರು. ಗುಟ್ಟು ಹೊರಬೀಳುವ ಹೊತ್ತು ಬಂತೆಂದು ಅವರಿಗೆ ಅನಿಸಿರಬೇಕು. "ನಿಮ್ಮ ಡಾಕ್ಟರಗ ಆಗಲಾರದ್ದು ಈಕಿ ಮಾಡತಾಳ. ದವಾಖಾನಿಯಾಕಿ ಈಕಿ. ತಿಂಡಿಗೆ ಏನರ ಕೊಡವ್ವಾ ಅಂದ್ನಿ, ನೀವೆಲ್ಲಾ ಹೊರಗ ಹೋದ ಮ್ಯಾಲೆ ದಿನಾ ಗುಳಗಿ ಕೊಡಾಕತ್ತಾಳ."

"ಗುಳಿಗೆ ಎಂತದು ಅಮ್ಮ? ಇದು ಚೀಸ್" ಎಂದಳು ನರ್ಸು.

ನಾಯಿ ಸಂದರ್ಭ ತಿಳಿಯದೆ, ಎತ್ತಿದ ಕಾಲು ಇಳಿಸಿ ಇನ್ನೊಂದನ್ನು ಎತ್ತಿತು.

ನನಗೆ ಎಲ್ಲ ಒಟ್ಟಿಗೆ ಅರ್ಥವಾಗಿ ಹೊಟ್ಟೆಯಿಂದ ನಗು ಎದ್ದು ಬಂತು. ತಡೆದುಕೊಳ್ಳಲು ಗೋಡೆಯ ಕಡೆ ತಿರುಗಿದೆ. ಹುಬ್ಬಳ್ಳಿ ತುರಿಕೆಗೆ ಮದ್ದು ಕೇಳಿತ್ತು, ಮಂಗಳೂರು ತಿನ್ನಲು ಕೊಟ್ಟಿತ್ತು. ಒಬ್ಬರು ಬೆಳ್ಳಿಕಾಗದದಲ್ಲಿ ಗುಳಿಗೆ ಕಂಡರು, ಇನ್ನೊಬ್ಬಳು ಹಸಿದ ನಾಯಿ ಕಂಡಳು. ಇಬ್ಬರೂ ಶುದ್ಧ ಕನ್ನಡದಲ್ಲೇ ಮಾತಾಡಿದ್ದರು. ತುರಿಕೆ ಹೆಚ್ಚಾದಷ್ಟೂ ಅತ್ತೆ ತಿಂಡಿ ತಿಂಡಿ ಎಂದರು, ಅವರು ಅಂದಷ್ಟೂ ಇವಳು ಚೀಸು ಹೆಚ್ಚು ಮಾಡಿದಳು. ಇದನ್ನೆಲ್ಲ ಕುವೈತಿ ಹೆಂಗಸಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಯಿತು. ಇವರಿಬ್ಬರದೂ ಒಂದೇ ಭಾಷೆಯೇ ಎಂದು ಆಕೆ ಕೇಳಿದಳು. ಕಾಗದದ ಮೇಲೆ ಒಂದೇ ಎಂದೆ.

ನಗು ಅಲ್ಲಿಗೆ ನಿಂತಿತು, ಯಾಕೆಂದರೆ ಅತ್ತೆಯ ಮುಖ ನೋಡಿದೆ. ನರ್ಸು ಅವರ ಕೈ ಹಿಡಿದುಕೊಂಡು, ಹಾಲಿನದೇ ಇದಕ್ಕೆ ಆಗದಿರಬಹುದು, ನನಗೆ ಗೊತ್ತೇ ಇರಲಿಲ್ಲ ಅಮ್ಮ ಎಂದು ಹೇಳುತ್ತಿದ್ದಳು. ಅತ್ತೆ ಅವಳನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ನಾಯಿಯ ಕೆಂಪು ಹೊಟ್ಟೆಯನ್ನೇ ನೋಡುತ್ತಿದ್ದರು.

"ನಾ ಚೊಲೋ ಆಗಲಿ ಅಂತ ಮಾಡಿದ್ನಿ" ಎಂದರು.

"ಗೊತ್ತೈತಿ ಬಿಡ ಅವ್ವಾ" ಎಂದ ಗಂಡ. ಮೊಸರಿನ ಬಗ್ಗೆ ಏನೋ ಹೇಳಲು ಬಾಯಿ ತೆರೆದ. ಅವರು ಕೈ ಅಡ್ಡ ಹಿಡಿದರು.

ಕುವೈತಿ ಹೆಂಗಸು ಎದ್ದು ನಿಂತಳು. ಸಿಟ್ಟಿರಲಿಲ್ಲ, ಆದರೆ ಮಾತು ಗಟ್ಟಿಯಾಗಿತ್ತು. ಪ್ರೀತಿ ಮಾಡುವವರು ಹೆಚ್ಚಾದ ಮನೆಯಲ್ಲಿ ಇಂಥ ನಾಯಿ ವಾಸಿಯಾಗುವುದಿಲ್ಲ, ಹಿಂದಿನ ಎರಡು ಮನೆಗಳಿಂದಲೂ ಇದು ಹೀಗೆಯೇ ವಾಪಸ್ಸು ಬಂತು ಎಂದಳು. ಇನ್ನು ಮೇಲೆ ಇದರ ಬಾಯಿಗೆ ಒಂದೇ ಕೈ ಹೋಗಬೇಕು, ಹಗಲೆಲ್ಲ ಮನೆಯಲ್ಲಿರುವ ಕೈ. ಬೇರೆ ಯಾರ ಕೈಯಿಂದಲೂ ತಿನ್ನದಂತೆ ಅದನ್ನು ಪಳಗಿಸಬೇಕು. ಅದು ಆಗುವುದಾದರೆ ಇಲ್ಲಿರಲಿ, ಇಲ್ಲದಿದ್ದರೆ ನಾನು ಈಗಲೇ ಕರೆದುಕೊಂಡು ಹೋಗುತ್ತೇನೆ.

ಹಗಲೆಲ್ಲ ಮನೆಯಲ್ಲಿರುವವರು ಒಬ್ಬರೇ. ನಾನು ಅವಸರದಿಂದ ಹೇಳಿದೆ, ನನ್ನ ಅತ್ತೆ ಮಾಂಸ ಮೀನು ಮುಟ್ಟುವವರಲ್ಲ, ಅವರನ್ನು ಕೇಳುವುದು ಸರಿಯಲ್ಲ, ನಾನೇ ಕೆಲಸದ ಹೊತ್ತು ಬದಲಾಯಿಸಿಕೊಳ್ಳುತ್ತೇನೆ. ಆಕೆ ಒಪ್ಪದೆ ತಲೆಯಾಡಿಸಿದಳು. ಇಂಥ ಮಾತನ್ನು ಹಿಂದಿನ ಎರಡು ಮನೆಯವರಿಂದಲೂ ಕೇಳಿದ್ದಳು ಅನಿಸುತ್ತದೆ. ಬಾಗಿಲ ಹಿಂದೆ ನೇತು ಹಾಕಿದ್ದ ಹಗ್ಗವನ್ನು ತೆಗೆದು ನಾಯಿಯ ಕೊರಳಿಗೆ ಬಗ್ಗಿದಳು. ಮಗಳು ಅಳುತ್ತ ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

ಅತ್ತೆಗೆ ಇಂಗ್ಲಿಷಿನ ಒಂದಕ್ಷರವೂ ತಿಳಿದಿರಲಿಲ್ಲ. "ಏನಂತಾಳ ಆಕಿ?" ಎಂದು ಮಗನನ್ನು ಕೇಳಿದರು. ಅವನು ನೆಲ ನೋಡುತ್ತ, ಮೊದಲ ಸಲ ಒಂದನ್ನೂ ಬಿಡದೆ ಎಲ್ಲ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು.

ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಗಂಡ ತಂದು ನಿಲ್ಲಿಸಿದ್ದ ಚೀಲದ ಬಾಯಿ ಬಿಚ್ಚಿ ಒಳಗೆ ಕೈ ಹಾಕಿದರು.

"ಅತ್ತಿ, ಅದು ಮೀನ್ರಿ" ಎಂದೆ ನಾನು.

"ಗೊತ್ತೈತಿ. ಕೈ ತೊಳಕೊಂಡ್ರ ಈ ವಾಸನಿ ಹೋಗತೈತಿ. ಇದು ಹೋದ್ರ ಬರಂಗಿಲ್ಲ."

ಬಗ್ಗಲಾಗದ ಮೊಣಕಾಲನ್ನು ಹೇಗೋ ಮಡಚಿ ನೆಲಕ್ಕೆ ಕೂತರು. ಹುಟ್ಟಿದಾಗಿನಿಂದ ತತ್ತಿಯನ್ನೂ ಮುಟ್ಟದ ಅಂಗೈ ತೆರೆಯಿತು. ನಾಯಿ ಕಾಲೆತ್ತಲಿಲ್ಲ, ಆತುರಪಡಲಿಲ್ಲ, ಒಂದೊಂದೇ ಕಾಳನ್ನು ತುಟಿಯಿಂದ ಎತ್ತಿಕೊಂಡು ತಿಂದಿತು. ಅತ್ತೆ ಉಸಿರು ಬಿಗಿಹಿಡಿದಿದ್ದರು, ಕಣ್ಣಲ್ಲಿ ನೀರಿತ್ತು, ಅದು ಮೀನಿನ ವಾಸನೆಗೋ ಇನ್ನೇತಕ್ಕೋ ನಾನು ಕೇಳಲಿಲ್ಲ. ಕೈ ಖಾಲಿಯಾದ ಮೇಲೆ ತಲೆ ಎತ್ತಿ, ಹಗ್ಗ ಹಿಡಿದು ನಿಂತಿದ್ದ ಆ ಕುವೈತಿ ಹೆಂಗಸನ್ನು ನೋಡಿ ಹುಬ್ಬಳ್ಳಿಯ ಕನ್ನಡದಲ್ಲೇ ಹೇಳಿದರು.

"ಹಗ್ಗ ಅಲ್ಲಿ ಇಡ ತಂಗಿ. ಚಾ ಕುಡದ ಹೋಗೀಯಂತ."

ಅದನ್ನು ಯಾರೂ ಇಂಗ್ಲಿಷಿಗೆ ತಿರುಗಿಸಲಿಲ್ಲ. ಆಕೆ ಹಗ್ಗ ಇಟ್ಟು ಕೂತಳು.